ಮನೀಷಾ ವೈನಿಯ ಎಡಗೈ

ನನ್ನ ಅಕ್ಷರ ಚೆನ್ನಾಗಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದೆ, ಆಮೇಲೆ ಒಂಬತ್ತರವರೆಗೆ ಮರಾಠಿಯಲ್ಲಿ. ಹೀಗಾಗಿ ನಾನು ಬರೆದ ಕೆಲವು ಅಕ್ಷರಗಳು ಎರಡು ಭಾಷೆಗೂ ಸೇರದಂತೆ ಕಾಣುತ್ತವೆ. ಮಾತುಗಳೂ ನನಗೆ ಬೇಗ ಸಿಗುವುದಿಲ್ಲ. ಒಂದು ಸಾಲು ಬರೆದು, ಅದರಲ್ಲಿ ಸುಳ್ಳು ಸೇರಿಲ್ಲವೆಂದು ನೋಡಿಕೊಂಡು ಮುಂದಿನ ಸಾಲಿಗೆ ಹೋಗುತ್ತೇನೆ. ನಿಧಾನ ಎನಿಸಿದರೆ ತಾಳಿಕೊಳ್ಳಿ.

ನಾನು ಬರೆಯುತ್ತಿರುವುದು ನಮ್ಮ ಅಣ್ಣ ನೀಲಕಂಠನ ಹೆಂಡತಿ ಮನೀಷಾ ಅವರ ಬಗ್ಗೆ. ನಾನು ಅವರನ್ನು ವೈನಿ ಎಂದು ಕರೆಯುತ್ತೇನೆ. ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ದಾಳಿಂಬದಲ್ಲಿ ತೊಗರಿ, ಜೋಳ, ಸೋಯಾಬೀನ್ ಬೆಳೆಯುವ ಒಂದು ಮನೆಯ ಸೊಸೆ, ಅಷ್ಟೇ. ಅವರನ್ನು ಹೊಗಳಿ ಬರೆಯುವುದು ನನಗೆ ಕಷ್ಟ, ಏಕೆಂದರೆ ಅವರ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಮೊದಲು ಇತ್ತು, ಈಗಲೂ ಇದೆ. ಆದರೆ ಅವರ ಎಡಗೈಯನ್ನು ನನ್ನಷ್ಟು ನೋಡಿದವರು ಬೇರೆ ಯಾರೂ ಇಲ್ಲ. ಅದಕ್ಕಾಗಿ ನಾನೇ ಬರೆಯುತ್ತಿದ್ದೇನೆ.

ವೈನಿ ಹುಟ್ಟಿ ಬೆಳೆದದ್ದು ಉದಗೀರದಲ್ಲಿ. ಅವರಪ್ಪ ವಿಶ್ವನಾಥಪ್ಪನವರಿಗೆ ಅಲ್ಲಿಯ ಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ. ಶಾಲೆ ಬಿಟ್ಟ ಮೇಲೆ ಸಂಜೆ ಹೊತ್ತು ವೈನಿ ಅಂಗಡಿಯ ಗಾದಿಯ ಮೇಲೆ ಕೂಡುತ್ತಿದ್ದರಂತೆ. ಅಳೆಯುವುದಕ್ಕಿಂತ ಮೊದಲು ಅವರು ಬಟ್ಟೆ ಹರಿಯುವುದನ್ನು ಕಲಿತರು. ಅಂಚಿಗೆ ಕತ್ತರಿಯಿಂದ ಸಣ್ಣ ಸೀಳು ಕೊಟ್ಟು ಎರಡೂ ಕೈಯಿಂದ ಎಳೆದರೆ ಬಟ್ಟೆ ನೂಲಿನ ಗುಂಟ ನೆಟ್ಟಗೆ ಹರಿದು ಬರಬೇಕು. ಕೈ ಸ್ವಲ್ಪ ಅಳುಕಿದರೂ ಅಡ್ಡ ಹೋಗುತ್ತದೆ. ವೈನಿಯ ಕೈಯಲ್ಲಿ ಅಡ್ಡ ಹೋದದ್ದನ್ನು ನಾನು ಕಂಡಿರಲಿಲ್ಲ. ಅವರು ಎಡಚರು. ಕತ್ತರಿ, ಸೂಜಿ, ಲಟ್ಟಣಿಗೆ, ಸೌಟು ಎಲ್ಲವೂ ಎಡಗೈಯಲ್ಲಿ.

ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮವ್ವ ಶೇವಂತಾಬಾಯಿ, ಎಡಗೈಯಿಂದ ಬಡಿಸಬೇಡ, ನೋಡಿದವರು ಏನಂದಾರು ಎಂದಳು. ವೈನಿ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ನಗುತ್ತಲೇ ಕೇಳಿದರು.

"ಮುಂಜಾನಿ ಪೂಜಾಕ್ಕ ಲಿಂಗ ಇಟ್ಕೊಳ್ಳೋದು ಇದೇ ಕೈಯಾಗ ಅಲ್ಲೇನ್ರಿ ಅತ್ತಿ? ಲಿಂಗಕ್ಕ ನಡಿಯೋ ಕೈ ರೊಟ್ಟಿಗಿ ನಡಿಯಂಗಿಲ್ಲಂದ್ರ ಹೆಂಗ್ರಿ?"

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅದೇ ಮಾತು ನಾನು ಆಡಿದ್ದರೆ ಬೆನ್ನ ಮೇಲೆ ಒಂದು ಬೀಳುತ್ತಿತ್ತು. ವೈನಿ ಬಡಿಸುವುದನ್ನು ಮಾತ್ರ ಬಲಗೈಗೆ ರೂಢಿ ಮಾಡಿಕೊಂಡರು. ಉಳಿದ ಕೆಲಸವೆಲ್ಲ ಎಡಗೈಗೇ ಉಳಿಯಿತು.

ನಾನು ಶಾಲೆ ಬಿಟ್ಟ ವಿಷಯ ಇಲ್ಲಿ ಹೇಳಬೇಕಾಗುತ್ತದೆ. ನಾನು ಒಂಬತ್ತರಲ್ಲಿದ್ದಾಗ ಅವ್ವನಿಗೆ ಗರ್ಭಕೋಶದ ಆಪರೇಶನ್ ಆಯಿತು. ಆಮೇಲೆ ಆಕೆ ಕೊಡ ಎತ್ತಬಾರದು, ಬಗ್ಗಬಾರದು. ಅಡುಗೆ, ನೀರು, ದನದ ಕಸ ನನಗೆ ಬಂತು. ನನ್ನನ್ನು ಯಾರೂ ಶಾಲೆ ಬಿಡು ಅನ್ನಲಿಲ್ಲ. ಇವತ್ತು ಬೇಡ, ನಾಳೆ ಹೋಗು ಎನ್ನುತ್ತ ಎನ್ನುತ್ತ ಬಿಟ್ಟುಹೋಯಿತು. ನನಗೂ ಬಹಳ ದುಃಖವಾಗಲಿಲ್ಲ, ಏಕೆಂದರೆ ಮನೆ ನನ್ನ ಕೈಗೆ ಬಂದಿತ್ತು. ಉಪ್ಪಿನ ಡಬ್ಬಿಯಿಂದ ಹಿಡಿದು ಅಪ್ಪನ ಬಿಪಿ ಗುಳಿಗೆಯವರೆಗೆ ಎಲ್ಲಿ ಏನಿದೆ ಎಂದು ನನ್ನನ್ನೇ ಕೇಳುತ್ತಿದ್ದರು. ಆಮೇಲೆ ವೈನಿ ಬಂದರು. ಸ್ವಲ್ಪೇ ದಿನದಲ್ಲಿ ಅವ್ವ "ಮನೀಷಾ" ಎಂದು ಕರೆಯುವುದು ರೂಢಿಯಾಯಿತು. ಹೊಲಿಗೆ ಯಂತ್ರ ಬಂತು. ಊರ ಹೆಂಗಸರು ಕುಬಸದ ಬಟ್ಟೆ ಹಿಡಿದುಕೊಂಡು ನಮ್ಮ ಪಡಸಾಲೆಗೆ ಬರತೊಡಗಿದರು. ನಾನು ಶಾಲೆಯನ್ನೂ ಬಿಟ್ಟಿದ್ದೆ, ಒಲೆಯೂ ನನ್ನದಾಗಿ ಉಳಿಯಲಿಲ್ಲ.

ಪಕ್ಕದ ಮನೆಯ ದ್ರೌಪದಿ ಕಾಕಿ ಅಳತೆ ಕೊಡಲು ಬಂದಾಗ ಒಂದು ದಿನ ಎಲ್ಲರ ಮುಂದೆ ನನ್ನ ಹೆಸರು ಹಿಡಿದು ಅಂದಳು, "ವೈನಿ ಬಂದಾಗಿಂದ ಕಾಜಲನ ಮಾರಿ ನೋಡ್ರಿ, ಗಡಿಗಿ ಮಸಿ ಆಗ್ಯಾದ." ಎಲ್ಲರೂ ನಕ್ಕರು. ವೈನಿ ನಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಅವರು ನಕ್ಕಿದ್ದರೆ ಅವರನ್ನು ಬೈದುಕೊಳ್ಳಲು ನನಗೊಂದು ಕಾರಣವಾದರೂ ಸಿಗುತ್ತಿತ್ತು.

ವೈನಿ ಬಸುರಾದರು. ದೀಪಾವಳಿ ಮುಗಿದ ಮೇಲೆ ಕುಬಸ, ಅಂದರೆ ಸೀಮಂತ, ಮಾಡಿದೆವು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಳೆಗಾರನನ್ನು ಕರೆಸಿದರು. ನಮ್ಮ ಕಡೆ ಬಳೆಗಾರನ ಕೌಶಲ ಸಣ್ಣ ಬಳೆ ಏರಿಸುವುದರಲ್ಲಿದೆ. ಸಡಿಲ ಬಳೆ ಇಟ್ಟು ಹೋದವನನ್ನು ಹೆಂಗಸರು ಆಡಿಕೊಳ್ಳುತ್ತಾರೆ. ಅವನು ವೈನಿಯ ಕೈಗೆ ಸಾಬೂನು ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ದಾಟಿಸಿದ. ಮಣಿಕಟ್ಟಿಗೂ ಬಳೆಗೂ ನಡುವೆ ಒಂದು ಕಡ್ಡಿ ಹೋಗುವಷ್ಟು ಸಂದು. ಆಮೇಲೆ ನನ್ನ ಕೈ ಹಿಡಿದು ನೋಡಿ, ಈ ಕೈ ಗಟ್ಟಿ ಅದ, ದೊಡ್ಡವೇ ಬೇಕು ಎಂದು ಸಡಿಲ ಬಳೆ ಹಾಕಿದ. ನನ್ನವು ರೊಟ್ಟಿ ಬಡಿಯುವಾಗ ಮೊಣಕೈವರೆಗೆ ಜಾರುತ್ತಿದ್ದವು. ವೈನಿಯವು ಕೈಯೊಂದಿಗೆ ಹುಟ್ಟಿಬಂದ ಹಾಗೆ ಕೂತಿದ್ದವು. ನಾನು ಅವನ್ನು ದಿನವೂ ನೋಡುತ್ತಿದ್ದೆ. ಅವರು ಹಿಟ್ಟು ನಾದುವಾಗ, ಯಂತ್ರ ತಿರುವುವಾಗ, ನಿದ್ದೆ ಹೋದಾಗ ಕೂಡ. ಆ ಸಂದು ಎಷ್ಟಿತ್ತೆಂದು ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

ಆ ದಿನ ಅವ್ವ ವೈನಿಯನ್ನು ಪಕ್ಕಕ್ಕೆ ಕರೆದು, ಹೆರಿಗೆಯಾಗುವವರೆಗೆ ಇದರಲ್ಲಿ ಒಂದು ಬಳೆಯೂ ಒಡೆಯಬಾರದು ಎಂದಳು. ಅಣ್ಣನಿಗಿಂತ ಮೊದಲು ಅವ್ವನಿಗೆ ಒಂದು ಕೂಸು ಆಗಬೇಕಿತ್ತು. ಕುಬಸದ ಬಳೆ ಬಾವಿಯ ಕಲ್ಲಿಗೆ ಬಡಿದು ಒಡೆದ ತಿಂಗಳಲ್ಲೇ ಕೂಸು ಹೊಟ್ಟೆಯಲ್ಲಿ ಹೋಯಿತು. ಅವ್ವ ಅದನ್ನು ಎಂದೂ ಜೋರು ದನಿಯಲ್ಲಿ ಹೇಳಿದವಳಲ್ಲ. ವೈನಿಗೆ ಹೇಳಿದಳು. ನನಗೆ ಆಗಲೇ ಮೊದಲು ಗೊತ್ತಾದದ್ದು, ಅದೂ ಬಾಗಿಲ ಹಿಂದೆ ನಿಂತಿದ್ದರಿಂದ.

ಕೈ ಸುಟ್ಟದ್ದು ಎಳ್ಳಮಾಸಿಯ ದಿನ. ಆ ದಿನ ನಮ್ಮ ಕಡೆ ಮನೆಗಳಿಗೆ ಬೀಗ ಹಾಕಿ ಊರೇ ಹೊಲಕ್ಕೆ ಹೋಗುತ್ತದೆ. ಹೊಲದಲ್ಲಿ ಜೋಳದ ದಂಟಿನಿಂದ ಸಣ್ಣ ಗುಡಿಸಲು ಕಟ್ಟಿ, ಸುಣ್ಣ ಹಚ್ಚಿದ ಕಲ್ಲುಗಳನ್ನು ಅದರೊಳಗೆ ಕೂಡಿಸಿ ಪೂಜೆ ಮಾಡಿ, ಅಲ್ಲೇ ಉಣ್ಣುವುದು. ಊಟಕ್ಕೆ ಸಜ್ಜೆ ರೊಟ್ಟಿ, ಅಂಬಲಿ, ಮತ್ತೆ ಭಜ್ಜಿ. ಹಸಿ ತೊಗರಿಕಾಳು, ಅವರೆಕಾಳು, ಮೆಂತ್ಯ, ಗಜ್ಜರಿ, ಎಲ್ಲ ಹಾಕಿ ಕಡಲೆಹಿಟ್ಟು ಬೆರೆಸಿ ಕುದಿಸಿದ ಗಟ್ಟಿ ಪಲ್ಯಕ್ಕೆ ನಾವು ಭಜ್ಜಿ ಎನ್ನುತ್ತೇವೆ. ಹೊಲಕ್ಕೆ ಬರುವವರಿಗೆಲ್ಲ ಬಡಿಸಬೇಕಾದ್ದರಿಂದ ದೊಡ್ಡ ಬೋಗುಣಿಯಲ್ಲೇ ಮಾಡಬೇಕು.

ಬೆಳಿಗ್ಗೆ ವೈನಿ ಎಡಗೈಯಲ್ಲಿ ಸೌಟು ಹಿಡಿದು ತಿರುವುತ್ತಿದ್ದರು. ಭಜ್ಜಿ ಗಟ್ಟಿಯಾಗಿ ಬುಳುಬುಳು ಎನ್ನುತ್ತಿತ್ತು. ಒಲೆಯ ಒಂದು ಕಲ್ಲು ಸರಿಯಿತು, ಬೋಗುಣಿ ಅವರ ಕಡೆಗೆ ವಾಲಿತು. ಹೊಟ್ಟೆಯ ಮೇಲೆ ಬೀಳದಿರಲೆಂದು ಅವರು ಎಡಗೈ ಅಡ್ಡ ಹಿಡಿದರು. ಮೊಣಕೈ ಕೆಳಗಿನಿಂದ ಬೆರಳ ಹಿಂಬದಿಯವರೆಗೆ ಭಜ್ಜಿ ಅಂಟಿಕೊಂಡಿತು. ಹಿಟ್ಟು ಬೆರೆತದ್ದು ನೀರಿನ ಹಾಗೆ ಹರಿದುಹೋಗುವುದಿಲ್ಲ, ಕೂತಲ್ಲೇ ಸುಡುತ್ತದೆ. ಬಳೆಗಳ ಸಂದಿಯಲ್ಲಿ ಹೊಕ್ಕದ್ದು ಇನ್ನೂ ಹೊತ್ತು ಸುಟ್ಟಿತು.

ನಾನು ಒಂದು ತಂಬಿಗೆ ನೀರು ಸುರುವಿದೆ. ಅಷ್ಟರಲ್ಲಿ ದ್ರೌಪದಿ ಕಾಕಿ ಬಂದು, ನೀರು ಹಾಕಿದರೆ ಬೊಬ್ಬೆ ಏಳುತ್ತವೆ ಎಂದು ನನ್ನನ್ನು ತಡೆದು, ತುಪ್ಪದಲ್ಲಿ ಅರಿಶಿನ ಕಲಸಿ ಹಚ್ಚಿ ಮೇಲೊಂದು ಬಟ್ಟೆ ಸುತ್ತಿದಳು. ಕೈ ಕೆಂಪಾಗಿತ್ತು, ಅಲ್ಲಲ್ಲಿ ಸಣ್ಣ ಬೊಬ್ಬೆ, ಅಷ್ಟೇ. ವೈನಿ ಕಣ್ಣೀರು ಒರೆಸಿಕೊಂಡು, ಉರಿ ಇದೆ, ಆದರೆ ಹಬ್ಬ ನಿಲ್ಲಿಸಬೇಡಿ ಎಂದರು. ಎಲ್ಲರೂ ಅವರ ಮುಖ ನೋಡಿದರು, ಹೊಟ್ಟೆ ನೋಡಿದರು, ಕೂಸು ಆಡುತ್ತದೆಯೇ ಎಂದು ಕೇಳಿದರು. ಆಡುತ್ತದೆ ಎಂದರು. ದ್ರೌಪದಿ ಕಾಕಿಯನ್ನೂ ಕೂಡಿಸಿಕೊಂಡು ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋದೆವು. ಅವರಿಗಾಗಿ ಕೌದಿ ಮಡಚಿ ಹಾಸಿದರು, ಬಿಸಿಲು ಬೀಳದಂತೆ ಅವ್ವ ಸೀರೆ ಹಿಡಿದಳು. ನಾನು ಉಳಿದ ಭಜ್ಜಿಯ ಬೋಗುಣಿ ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತಿದ್ದೆ.

ಪೂಜೆ ಆಯಿತು. ಗಂಡಸರು ಅಂಬಲಿ ಚೆಲ್ಲುತ್ತ, ಕೂಗುತ್ತ ಹೊಲ ಸುತ್ತಲು ಹೋದರು. ವೈನಿ ಗುಡಿಸಲಿನ ನೆರಳಿನಲ್ಲಿ ಒರಗಿದ್ದರು. ಬಟ್ಟೆ ಸಡಿಲವಾಗಿತ್ತು, ಅದನ್ನು ಸರಿಮಾಡಲು ಹೋದಾಗ ನನ್ನ ಕಣ್ಣು ರೂಢಿಯಂತೆ ಬಳೆಯ ಮೇಲೆ ಹೋಯಿತು. ಸಂದು ಇರಲಿಲ್ಲ. ಬಳೆಯ ಎರಡೂ ಬದಿಗೆ ಮಾಂಸ ಉಬ್ಬಿ ಬಂದು ಹಸಿರು ಗೆರೆಗಳು ಒಳಗೆ ಇಳಿದುಹೋಗಿದ್ದವು. ಬೆಳಿಗ್ಗೆ ಸುಟ್ಟಾಗ ಹೀಗಿರಲಿಲ್ಲ. ಉರಿ ಕಡಿಮೆಯಾಗಿದೆ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡ ಹೊತ್ತಿನಲ್ಲಿ ಕೈ ಒಳಗಿಂದ ತುಂಬಿಕೊಳ್ಳುತ್ತಿತ್ತು.

ಬೆರಳು ಮುಟ್ಟಿದೆ, ತಣ್ಣಗಿದ್ದವು. ಅವರ ಬಲಗೈಯ ಒಂದು ಉಗುರನ್ನು ಒತ್ತಿ ಬಿಟ್ಟೆ. ಬೆಳ್ಳಗಾಗಿ ಕೂಡಲೇ ಕೆಂಪು ಬಂತು. ಎಡಗೈಯ ಉಗುರು ಒತ್ತಿ ಬಿಟ್ಟೆ. ಬಹಳ ಹೊತ್ತು ಬಣ್ಣ ಬರಲಿಲ್ಲ. ಇದು ನನಗೆ ಯಾರೂ ಕಲಿಸಿದ್ದಲ್ಲ. ಎರಡು ಕೈಯನ್ನು ಹೋಲಿಸಿ ನೋಡಿದೆ, ಅಷ್ಟೇ. ಅವರ ಕೈಗೆ ನನ್ನ ಕೈಯನ್ನು ಹೋಲಿಸುವುದು ನನ್ನ ದಿನದ ಕೆಲಸವೇ ಆಗಿತ್ತು.

"ಅವ್ವ, ಬಳಿ ತೆಗೀಬೇಕು. ಕೈ ಬಾಯ್ಲಕತ್ತದ" ಎಂದೆ.

"ಸುಟ್ಟ ಮ್ಯಾಲ ಬಾಯೋದೇ. ನಾಳಿಗಿ ಇಳೀತದ. ಸುಮ್ಕ ಕೂಡು."

"ಜಾರ್ಸಿದ್ರ ಬರಂಗಿಲ್ಲ. ಒಡೀಬೇಕಾಗ್ತದ."

ಅವ್ವನ ಮುಖದ ಬಣ್ಣ ಹೋಯಿತು. ಆಕೆ ನನ್ನ ಕಡೆ ನೋಡಿದ ರೀತಿಯನ್ನು ಬರೆಯಲು ನನಗೆ ಮಾತು ಸಿಗುವುದಿಲ್ಲ. ದ್ರೌಪದಿ ಕಾಕಿಗೆ ಮಾತು ಸಿಕ್ಕಿತು.

"ಬಳಿ ಏರ್ಸಿದ ದಿನಾನೇ ಈಕಿ ಕಣ್ಣ ನೋಡೀನಿ ನಾ. ಇವತ್ತ ಒಡೀಲಾಕ ನೆಪ ಸಿಕ್ಕದ."

ಕಾಕಿ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಕೈ ಉಳಿಯಲಿ ಎಂದು ಹೇಳಿದೆನೋ ಬಳೆ ಹೋಗಲಿ ಎಂದು ಹೇಳಿದೆನೋ, ಆ ಕ್ಷಣ ನನಗೇ ಗೊತ್ತಾಗಲಿಲ್ಲ. ಬಸುರಿಯ ಬಳೆ ಒಡೆದ ನಾದಿನಿ ಎಂಬ ಹೆಸರು ಬಂದರೆ ದಾಳಿಂಬದಲ್ಲಿ ಅಷ್ಟೇ ಅಲ್ಲ, ಉದಗೀರದವರೆಗೂ ಹಬ್ಬುತ್ತದೆ. ಕೂಸಿಗೆ ಏನಾದರೂ ಆದರೆ ಆಮೇಲೆ ನಾನು ಎಲ್ಲಿ ಹೋಗಿ ಬದುಕಲಿ ಎಂದೂ ಯೋಚಿಸಿದೆ. ಹಾಗೇ ಕೈ ಹಿಂದೆ ತೆಗೆದೆ.

ಆಗ ವೈನಿ ಕಣ್ಣು ತೆರೆದರು. "ಅತ್ತಿ, ಈ ಬೆರಳ ನನ್ನವಂತ ಅನಸವಲ್ವು" ಎಂದರು. ಆಮೇಲೆ ಹೊಲ ಸುತ್ತುತ್ತಿದ್ದ ಅಣ್ಣನನ್ನು ಕರೆತರಲು ದ್ರೌಪದಿ ಕಾಕಿಯನ್ನು ಕಳಿಸಿದರು. ಕಾಕಿಗೆ ಹೋಗಲು ಮನಸ್ಸಿರಲಿಲ್ಲ, ಹಿಂತಿರುಗಿ ನೋಡುತ್ತಲೇ ಹೋದಳು. ಆಕೆ ತೊಗರಿಯ ಸಾಲು ದಾಟಿದ ಮೇಲೆ ವೈನಿ ಅವ್ವನಿಗೆ ಹೇಳಿದರು.

"ಅತ್ತಿ, ನೀವು ಆ ಕಡಿ ಮಾರಿ ಮಾಡ್ರಿ. ನೀವು ನೋಡಿಲ್ಲಂದ್ರ ನಿಮಗೇನೂ ಹತ್ತಂಗಿಲ್ಲ."

ಅವ್ವ ಸುಣ್ಣ ಹಚ್ಚಿದ ಕಲ್ಲುಗಳ ಕಡೆ ತಿರುಗಿ ಕೂತಳು.

"ಕಾಜಲ, ಒಡಿ."

"ನನ್ನ ಕೈಲೆ ಬ್ಯಾಡ್ರಿ ವೈನಿ."

"ಮತ್ಯಾರ ಕೈಲೆ? ಈ ಬಳಿ ನಿನ್ನಷ್ಟ ಯಾರ ನೋಡ್ಯಾರ?"

ಅದರಲ್ಲಿ ಚುಚ್ಚು ಇರಲಿಲ್ಲ. ಎಲ್ಲ ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದರು ಎಂದು ನನಗೆ ಆಗ ತಿಳಿಯಿತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

ಬಾವಿಯ ಮೋಟರ್ ಪೆಟ್ಟಿಗೆಯಲ್ಲಿ ತಂತಿ ಕತ್ತರಿಸುವ ಅಣ್ಣನ ಪಕ್ಕಡ ಇತ್ತು, ಹೋಗಿ ಅದನ್ನು ತಂದೆ. ಬಳೆಯನ್ನು ಹಾಗೇ ಅದುಮಿದರೆ ಗಾಜು ಸುಟ್ಟ ಚರ್ಮದೊಳಗೆ ಹೋಗುತ್ತದೆ. ಗುಡಿಸಲಿನಿಂದ ಒಂದು ದಂಟು ಎಳೆದು ಅದರ ತೆಳು ಸಿಪ್ಪೆ ಸುಲಿದೆ. ಜೋಳದ ದಂಟಿನ ಸಿಪ್ಪೆ ತೆಳ್ಳಗಿದ್ದರೂ ಗಟ್ಟಿ, ಒಳಬದಿ ನುಣುಪು. ಅದಕ್ಕೆ ತುಪ್ಪ ಸವರಿ ಮಣಿಕಟ್ಟಿನ ಸುಡದ ಒಳಬದಿಯಿಂದ ಬಳೆಯ ಕೆಳಗೆ ತೂರಿಸಿದೆ. ಅದರ ಮೇಲೆ ಬಳೆಯನ್ನು ಪಕ್ಕಡದಿಂದ ಹಿಡಿದು ಮೆಲ್ಲಗೆ ಅದುಮಿದೆ. ಸಣ್ಣ ಸದ್ದು. ಅವ್ವ ಆ ಸದ್ದಿಗೆ ಬೆನ್ನು ಬಗ್ಗಿಸಿದಳು. ಚೂರು ಆರಿಸಿ ಸೆರಗಿನ ಮೇಲೆ ಇಟ್ಟು, ಮುಂದಿನದಕ್ಕೆ ಹೋದೆ. ಅವಸರ ಮಾಡಲಿಲ್ಲ. ಕೊನೆಯ ಬಳೆ ಹೋದ ಮೇಲೆ ವೈನಿಯ ಬೆರಳು ನೋಡುತ್ತ ಕೂತೆ. ಮೊದಲು ಉಗುರಿನ ಬುಡ ಕೆಂಪಾಯಿತು, ಆಮೇಲೆ ಬೆರಳ ತುದಿ. ರಕ್ತ ಬಂದಂತೆ ನೋವೂ ಬಂತು. ವೈನಿ ಹಲ್ಲು ಕಚ್ಚಿ ನನ್ನ ಜಡೆ ಹಿಡಿದು ಎಳೆದರು. ಎಷ್ಟು ಜೋರಾಗಿ ಎಂದರೆ ನನ್ನ ಕಣ್ಣಲ್ಲೂ ನೀರು ಬಂತು. ಅಣ್ಣ ಓಡಿ ಬಂದಾಗ ಇಬ್ಬರೂ ಅಳುತ್ತಿದ್ದೆವು.

ಉಮರ್ಗಾದ ದವಾಖಾನೆಯಲ್ಲಿ ಚಿಕ್ಕ ವಯಸ್ಸಿನ ಹೆಣ್ಣು ಡಾಕ್ಟರ್ ಇದ್ದರು, ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಮೊದಲು ಕೂಸಿನ ಎದೆಬಡಿತ ಕೇಳಿಸಿದರು, ಆಮೇಲೆ ಕೈ ನೋಡಿದರು. ಬಳೆಯ ಗುರುತು ನೋಡಿ, ಇವು ಇನ್ನೂ ಇದ್ದಿದ್ದರೆ ಬೆರಳು ಹೋಗುತ್ತಿದ್ದವು ಎಂದು ಮರಾಠಿಯಲ್ಲಿ ಹೇಳಿದರು. ಅವ್ವ ಕೇಳಿಸಿಕೊಂಡಳು.

ಪಟ್ಟಿ ಬದಲಿಸಲು ಹೋದಾಗಲೆಲ್ಲ ನಾನು ಜೊತೆಗಿರುತ್ತಿದ್ದೆ. ಬೆಳಿಗ್ಗೆ ಸುಮ್ಮನಿದ್ದ ಕೈ ಮಧ್ಯಾಹ್ನ ಯಾಕೆ ಬಾತಿತು ಎಂದು ಕೇಳಬೇಕೆಂದಿದ್ದೆ, ಧೈರ್ಯ ಬರಲಿಲ್ಲ. ಕೊನೆಗೊಮ್ಮೆ ಕೇಳಿದೆ. ಅವರು ಔಷಧದ ಖಾಲಿ ಡಬ್ಬಿಯ ಮೇಲೆ ಒಂದರೊಳಗೊಂದು ಮೂರು ಸುತ್ತು ಬರೆದರು. ನಡುವಿನ ಸುತ್ತು ಪೂರಾ ಸುಟ್ಟು ಸತ್ತ ಚರ್ಮ. ಹೊರಗಿನದು ಬರೀ ಕೆಂಪಾದದ್ದು, ತಾನೇ ವಾಸಿಯಾಗುತ್ತದೆ. ಇವೆರಡರ ಮಧ್ಯದ ಸುತ್ತು ಬದುಕಲೂಬಹುದು, ಸಾಯಲೂಬಹುದು. ಎಲ್ಲ ನಿಂತಿರುವುದು ಅದರ ಮೇಲೆ. ಮೊದಲೇ ತಣ್ಣೀರಿನ ಧಾರೆಯ ಕೆಳಗೆ ಬಹಳ ಹೊತ್ತು ಕೈ ಹಿಡಿದಿದ್ದರೆ ಆ ಸುತ್ತು ಇನ್ನೂ ಹೆಚ್ಚು ಉಳಿಯುತ್ತಿತ್ತಂತೆ. ತುಪ್ಪ ಬಿಸಿಯನ್ನು ಒಳಗೇ ಹಿಡಿದಿಟ್ಟಿತು.

ಬಾವಿನ ವಿಷಯ ಅವರು ಹೇಳಿದ್ದು ಹೀಗೆ. ಸುಟ್ಟ ಜಾಗದ ಕಣಗಳು ಒಡೆದಾಗ ಅವುಗಳಿಂದ ಕೆಲವು ರಸಾಯನಗಳು ಹೊರಗೆ ಬರುತ್ತವೆ. ಒಂದರ ಹೆಸರು ಹಿಸ್ಟಮಿನ್. ಬೇರೆಯವೂ ಇವೆ, ಕೆಲವು ನೋವು ಹೆಚ್ಚಿಸುವಂಥವು. ಅವು ಹತ್ತಿರದ ಸಣ್ಣ ರಕ್ತನಾಳಗಳನ್ನು ಅಗಲ ಮಾಡುತ್ತವೆ, ನಾಳದ ಗೋಡೆಯಲ್ಲಿ ಸಂದು ಬಿಡಿಸುತ್ತವೆ. ಆ ಸಂದಿಯಿಂದ ರಕ್ತದ ನೀರಿನಂಶ ಮಾಂಸದೊಳಗೆ ಸೋರುತ್ತದೆ. ಸತ್ತದ್ದನ್ನು ತಿಂದು ತೆಗೆಯಲು, ರೋಗ ಬರದಂತೆ ಕಾಯಲು ಬಿಳಿ ಕಣಗಳು ಬರುತ್ತವೆ. ಅವು ಅವಸರದಲ್ಲಿ ಬದುಕಿದ ಕಣಕ್ಕೂ ಏಟು ಕೊಡುವುದುಂಟು. ಇದೆಲ್ಲ ಗಂಟೆಗಟ್ಟಲೆ ನಡೆಯುತ್ತದೆ, ಅದಕ್ಕೇ ಬಾವು ತಡವಾಗಿ ಏರುತ್ತದೆ. ಚರ್ಮ ಹಿಗ್ಗಿ ಜಾಗ ಕೊಡುತ್ತದೆ, ಬಳೆ ಕೊಡುವುದಿಲ್ಲ. ಆಗ ನೀರು ಒಳಗೇ ಒತ್ತಿ ಒತ್ತಿ ರಕ್ತದ ದಾರಿ ಮುಚ್ಚುತ್ತದೆ. ಮೈ ತನ್ನ ಕೈಯನ್ನು ಉಳಿಸಲು ಓಡಿಬಂದು ಅದನ್ನೇ ಕೊಲ್ಲುವ ಹಾಗಾಗಿತ್ತು.

ಇದನ್ನು ಕೇಳಿದಾಗ ನನಗೆ ಏನನ್ನಿಸಿತೆಂದು ನಿಜ ಬರೆಯುತ್ತೇನೆ. ಒಂದು ಗೇಣು ಚರ್ಮ ಸುಟ್ಟರೆ ಇಡೀ ಮೈ ಅಲ್ಲಿಗೆ ಓಡುತ್ತದಲ್ಲ ಎಂದು ಅದರ ಮೇಲೂ ಮತ್ಸರವಾಯಿತು. ನಮ್ಮ ಮನೆಯೂ ಹಾಗೇ ಓಡುತ್ತಿತ್ತು. ಗಾಯ ಮಾಯಲು ಸತ್ವದ ಊಟ ಬೇಕು, ಮೊಟ್ಟೆ ಕೊಡಿ ಎಂದು ಡಾಕ್ಟರ್ ಬಾಯಿ ಹೇಳಿದರು. ಮೊಟ್ಟೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಹೆಸರುಬೇಳೆ, ಶೇಂಗಾ, ಸೋಯಾ ಹಿಟ್ಟಿನ ರೊಟ್ಟಿ, ಹಾಲು ಎಂದು ಒಪ್ಪಂದವಾಯಿತು. ಕೆನೆಯೆಲ್ಲ ವೈನಿಯ ಬಟ್ಟಲಿಗೆ ಹೋಗುತ್ತಿತ್ತು. ಒಲೆ ಮತ್ತೆ ನನ್ನ ಕೈಗೆ ಬಂದಿತ್ತು, ಆದರೆ ಬೇಯಿಸಿದ್ದೆಲ್ಲ ಅವರಿಗಾಗಿ. ಅವ್ವ ನನ್ನ ಜೊತೆ ಉಪ್ಪು ಎಲ್ಲಿದೆ, ನೀರು ಬಂತೇ ಎನ್ನುವಷ್ಟು ಮಾತ್ರ ಮಾತಾಡುತ್ತಿದ್ದಳು. ದಿನಕ್ಕೆ ಎಷ್ಟೋ ಸಲ ವೈನಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಆಡುವುದನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದಳು.

ವೈನಿಯ ತಾಯಿ ಶಿವಗಂಗಾಬಾಯಿ ಉದಗೀರದಿಂದ ಬಂದರು. ಮಗಳ ಬರಿಗೈ ನೋಡಿ ಮೊದಲು ಕೇಳಿದ್ದು, ಬಳೆ ಯಾರು ಒಡೆದರು ಎಂದು. ಪಡಸಾಲೆಯಲ್ಲಿ ನಾನಿದ್ದೆ, ಅವ್ವ ಇದ್ದಳು, ದ್ರೌಪದಿ ಕಾಕಿಯೂ ಇದ್ದಳು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ನಾನೇ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ವೈನಿ ಹೇಳಿದರು.

"ನಾನೇ ಒಡಕೊಂಡೀನಿ, ಅವ್ವ. ಬೆರಳ ಹೋಗೋದ್ಕಿಂತ ಬಳಿ ಹೋಗೋದು ಛಲೋ ಅಲ್ಲೇನು?"

ನಮ್ಮವ್ವ ನನ್ನ ಕೈಯಿಂದ ಚಹಾದ ತಟ್ಟೆ ತೆಗೆದುಕೊಂಡಳು. ದ್ರೌಪದಿ ಕಾಕಿ ಗಲ್ಲಕ್ಕೆ ಕೈಯಿಟ್ಟು, ಎಂಥ ಧೈರ್ಯ ಈ ಹುಡುಗಿಯದು ಎಂದಳು. ಆ ಮಾತು ಊರೆಲ್ಲ ಹೋಯಿತು. ಪಟ್ಟಿಯ ಕೈ ನೋಡಲು ಬಂದವರೆಲ್ಲ, ಬಸುರಿಯಾಗಿದ್ದೂ ತನ್ನ ಬಳೆ ತಾನೇ ಒಡೆದುಕೊಂಡವಳು ಎಂದು ಹೊಗಳಿ ಹೋದರು. ವೈನಿ ನನ್ನನ್ನು ಕಾಯಲು ಹಾಗೆ ಹೇಳಿದರೇ ಹೊರತು ಹೆಸರಿಗಾಗಿ ಅಲ್ಲ. ನನಗೆ ಅದು ಗೊತ್ತಿದೆ. ಆದರೂ ಒಂದು ಸಲ ನಾನು ಕೈ ನಡುಗದೆ ಒಂದು ಕೆಲಸ ಮಾಡಿದ್ದೆ, ಅದೂ ಅವರದಾಯಿತು. ರಾತ್ರಿ ಅವರಿಗೆ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುವಾಗಲೂ ನನಗೆ ಇದೇ ನೆನಪಾಗುತ್ತಿತ್ತು.

ಗಾಯ ಮುಚ್ಚಿಕೊಂಡಿತು. ಆಮೇಲೆ ತುರಿಕೆ ಶುರುವಾಯಿತು. ಅದಕ್ಕೂ ಬಹಳಮಟ್ಟಿಗೆ ಅದೇ ಹಿಸ್ಟಮಿನ್ ಕಾರಣ ಎಂದು ಡಾಕ್ಟರ್ ಬಾಯಿ ಹೇಳಿದರು. ಹೊಸ ಚರ್ಮ ದಪ್ಪಗೆ, ಹೊಳೆಯುತ್ತ, ಹಗ್ಗದಂತೆ ಎದ್ದು ಬರತೊಡಗಿತು. ಮೈಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲವಂತೆ. ಗಾಯ ಮುಚ್ಚಿದ ಮೇಲೂ ತಿಂಗಳುಗಟ್ಟಲೆ ಕಟ್ಟುತ್ತಲೇ ಹೋಗುತ್ತದೆ, ಬಿಟ್ಟರೆ ಬೆರಳ ಬುಡವನ್ನು ಹಿಂದಕ್ಕೆ ಎಳೆದು ಬೆರಳುಗಳನ್ನು ನಡುವಿನ ಗೆಣ್ಣಿನಲ್ಲಿ ಮಡಚುತ್ತದೆ. ಅದಕ್ಕೆ ದಿನಾಲೂ ಕೊಬ್ಬರಿಎಣ್ಣೆ ಹಚ್ಚಿ ಒತ್ತಬೇಕು, ಬೆರಳು ನೆಟ್ಟಗೆ ಚಾಚಿಸಬೇಕು. ತಿಕ್ಕಬಾರದು, ತಿಕ್ಕಿದರೆ ಮತ್ತೆ ಕೆರಳುತ್ತದೆ. ಒಂದೇ ಕಡೆ ಹೆಬ್ಬೆರಳಿಟ್ಟು, ಕೆಂಪು ಹೋಗಿ ಬೆಳ್ಳಗಾಗುವವರೆಗೆ ಒತ್ತಿ ಬಿಡಬೇಕು. ಇದನ್ನು ನಾನು ಕಲಿತೆ. ಗಟ್ಟಿ ಕೈ ಎಂದು ಬಳೆಗಾರ ಅಂದದ್ದು ಇದಕ್ಕೆ ಸರಿಹೋಯಿತು. ಮೊದಲು ವೈನಿಗೆ ಅಂಗೈಯಲ್ಲಿ ಲಿಂಗ ನಿಲ್ಲುತ್ತಿರಲಿಲ್ಲ, ಬೆರಳು ಬಿಚ್ಚುತ್ತಿರಲಿಲ್ಲ. ದಿನ ಕಳೆದಂತೆ ಅಂಗೈ ಬಿಚ್ಚಿತು. ಕತ್ತರಿ ಹಿಡಿಯುವಷ್ಟೂ ಬಂತು, ಬಟ್ಟೆ ನೆಟ್ಟಗೆ ಹರಿಯುವಷ್ಟು ಮಾತ್ರ ಬರಲಿಲ್ಲ. ಕಿರುಬೆರಳು ಒಂದು ಹಟ ಮಾಡುತ್ತಿತ್ತು.

ಹೆರಿಗೆಗೆಂದು ಅವರನ್ನು ಉದಗೀರಕ್ಕೆ ಕರೆದೊಯ್ದರು. ಅಲ್ಲಿ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಫೋನು ಬಂದಾಗ ಅವ್ವ ಮೊದಲು ಗೋಡೆ ಹಿಡಿದು ಕೂತಳು. ಆಮೇಲೆ ಎದ್ದು ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಅಷ್ಟೇ ಮಾಡಿದಳು, ಆದರೆ ಮೊದಲು ನನಗೆ ಹಾಕಿದಳು, ಅಣ್ಣನಿಗೆ ಆಮೇಲೆ.

ನಿನ್ನೆ ವೈನಿ ವಿಡಿಯೋ ಕಾಲ್ ಮಾಡಿ ಕೂಸು ತೋರಿಸಿದರು. ಪಕ್ಕದಲ್ಲಿ ಅವರ ತಂಗಿ ಸ್ವಪ್ನಾಲಿ ಕೂತು ಅವರ ಎಡಗೈಗೆ ಎಣ್ಣೆ ಹಚ್ಚುತ್ತಿದ್ದಳು. ಸ್ವಪ್ನಾಲಿ ಹನ್ನೆರಡನೆಯದು ಓದುತ್ತಾಳೆ, ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾಳೆ. ಮಾತಾಡುತ್ತ, ನಗುತ್ತ, ಪಾತ್ರೆ ಉಜ್ಜಿದ ಹಾಗೆ ಬರಬರನೆ ತಿಕ್ಕುತ್ತಿದ್ದಳು. ವೈನಿ ಅವಳಿಗೆ ಏನೂ ಹೇಳುತ್ತಿರಲಿಲ್ಲ. ಎಲ್ಲರೂ ಕೂಸು ನೋಡುತ್ತಿದ್ದರು. ನಾನು ಕೈ ನೋಡಿದೆ. ಹಗ್ಗದಂಥ ಚರ್ಮ ಮತ್ತೆ ಕೆಂಪಾಗಿತ್ತು, ಕಿರುಬೆರಳು ಇಲ್ಲಿಂದ ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಮಡಚಿತ್ತು.

ಫೋನು ಇಟ್ಟ ಮೇಲೆ ಅವ್ವನಿಗೆ ಹೇಳಿದೆ, ಅವಳು ತಿಕ್ಕುವುದು ತಪ್ಪು, ಹೀಗೇ ಬಿಟ್ಟರೆ ಬೆರಳು ನಿಲ್ಲುವುದಿಲ್ಲ ಎಂದು. ಹೇಳುವಾಗ ನನ್ನ ದನಿಯಲ್ಲಿ ಸ್ವಪ್ನಾಲಿಯ ಮೇಲಿನ ಮತ್ಸರವೂ ಇತ್ತು, ಅವ್ವನಿಗೆ ಅದು ಕೇಳಿಸಿರಬೇಕು. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಆ ಕೈ ನಿನಗೇ ಗೊತ್ತ. ಅವತ್ತ ಅದನ್ನ ಉಳಸ್ದಾಕಿ ನೀನೇ. ನಾ ಮಾರಿ ತಿರಿವಿ ಕುಂತಿದ್ದೆ, ಕಿವಿ ತೆರದೇ ಇದ್ವು. ಹೋಗು, ಬೆರಳ ನೆಟ್ಟಗಾಗೋ ತನಕ ಅಲ್ಲೇ ಇರು."

ನಾಳೆ ಬೆಳಿಗ್ಗೆ ಉಮರ್ಗಾಕ್ಕೆ ಹೋಗಿ, ನಿಲಂಗಾ ಮೇಲಿಂದ ಹೋಗುವ ಬಸ್ಸು ಹತ್ತಿ ಉದಗೀರಕ್ಕೆ ಹೋಗುತ್ತೇನೆ. ಸ್ವಪ್ನಾಲಿಯ ಕೈಯಿಂದ ಎಣ್ಣೆಯ ಬಾಟಲಿ ತೆಗೆದುಕೊಂಡು, ವೈನಿಯ ಕಿರುಬೆರಳಿನಿಂದ ಒತ್ತಲು ಶುರು ಮಾಡುತ್ತೇನೆ.